ಕಂಪನಿ ಕರೆಯುತ್ತೆ, ಕೇಳಿಸಿಕೊಳ್ಳೋರು ಯಾರು?

ಹೊಸ ಗಾಡಿ ತಗೊಂಡ ದಿನ ಶೋರೂಮಿನವರ ಸಂಭ್ರಮ ಹೇಳತೀರದು. ಹಾರ ಹಾಕುತ್ತಾರೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಸಿಹಿ ಕೊಟ್ಟು, ಸಂಸಾರ ಸಮೇತ ನಿಲ್ಲಿಸಿ ಫೋಟೋ ಹೊಡೆಯುತ್ತಾರೆ. ಅದೇ ಗಾಡಿಯ ವೈರಿಂಗ್‌ನಲ್ಲಿ ಕಾರ್ಖಾನೆಯಲ್ಲೇ ಒಂದು ತಪ್ಪಾಗಿದೆ, ಶಾರ್ಟ್ ಸರ್ಕ್ಯೂಟ್ ಆಗಬಹುದು ಅಂತ ಎರಡು ವರ್ಷದ ಮೇಲೆ ಗೊತ್ತಾದರೆ? ಆಗ ಯಾರು ಬಂದು ಹೇಳುತ್ತಾರೆ?

ಹೇಳಬೇಕಾದವರು ಕಂಪನಿಯವರು. ಹೇಳುವುದೂ ಉಂಟು. ಆದರೆ ಆ ಮಾತು ಗಾಡಿ ಓಡಿಸುವವನ ಕಿವಿಗೆ ಬೀಳುತ್ತದೆಯೇ ಅನ್ನೋದು ಪ್ರಶ್ನೆ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ವ್ಯಾಪಾರಿಗಳಿಂದ ಹಿಡಿದು, ಬಸ್ ಸ್ಟ್ಯಾಂಡ್ ಬಳಿ ಬೈಕ್ ನಿಲ್ಲಿಸಿ ದಿನಾ ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿ ಬರುವ ನೌಕರರ ತನಕ ಎಲ್ಲರಿಗೂ ತಟ್ಟುವ ಸಂಗತಿ ಇದು.

ರೀಕಾಲ್ ಅಂದರೆ ಗಾಡಿ ಕಿತ್ತುಕೊಂಡು ಹೋಗುವುದಲ್ಲ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಯಾರಾದ ಗಾಡಿಗಳಲ್ಲಿ ಇಂಥ ಭಾಗ ಸರಿಯಿಲ್ಲ, ತಂದು ತೋರಿಸಿ, ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಅಂತ ಕಂಪನಿ ಕೊಡುವ ಕರೆ. ಸಾಮಾನಿಗೂ ದುಡ್ಡಿಲ್ಲ, ಕೂಲಿಗೂ ದುಡ್ಡಿಲ್ಲ. ಕೇಳಿದರೆ ಕೊಡಬೇಕಾಗಿಲ್ಲ.

ಇದೇನು ಅಪರೂಪದ ಮಾತಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್, ಕ್ಲಾಸಿಕ್, ಮೀಟಿಯರ್ 350 ಬೈಕುಗಳನ್ನು ವಾಪಸ್ ಕರೆಯಿತು. ಲೆಕ್ಕ 2,36,966. ಕಾರಣ ಇಗ್ನಿಷನ್ ಕಾಯಿಲ್. ಎಂಜಿನ್ ಮಿಸ್ ಹೊಡೆಯಬಹುದು, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟೂ ಆಗಬಹುದು ಅಂತ ಕಂಪನಿಯೇ ಒಪ್ಪಿಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿಯವರು ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಸೇರಿ 1,81,754 ಪೆಟ್ರೋಲ್ ಕಾರುಗಳನ್ನು ಕರೆದರು. ದೋಷ ಮೋಟಾರ್ ಜನರೇಟರ್ ಯೂನಿಟ್‌ನಲ್ಲಿ. ಅದೇ ಭಾಗಕ್ಕಾಗಿ 2019ರ ಡಿಸೆಂಬರಿನಲ್ಲೂ 63,493 ಕಾರುಗಳನ್ನು ಕರೆದಿದ್ದರು.

ಇಷ್ಟು ದೊಡ್ಡ ಲೆಕ್ಕದಲ್ಲಿ ದಾವಣಗೆರೆಯ ಪಾಲು ಸೊನ್ನೆ ಅಂತ ಯಾರಾದರೂ ಎದೆ ಮುಟ್ಟಿ ಹೇಳಲಿ ನೋಡೋಣ.

ಮಾನದ ಪ್ರಶ್ನೆಯಂತೆ!

ರೀಕಾಲ್ ಮಾಡಿದ ಕಂಪನಿ ಕೆಟ್ಟದ್ದು, ಮಾಡದ ಕಂಪನಿ ಒಳ್ಳೇದು ಅನ್ನೋ ಭಾವನೆ ಪೇಟೆಯಲ್ಲಿದೆ. ಇದು ತಲೆಕೆಳಗಾದ ಲೆಕ್ಕ. ಅಂಗಡಿಯವನು ತಾನೇ ಮುಂದೆ ಬಂದು "ನಿನ್ನೆ ಕೊಟ್ಟ ಹಿಟ್ಟಲ್ಲಿ ಹುಳ ಇದೆ, ವಾಪಸ್ ತನ್ರಿ" ಅಂದರೆ ಅವನು ಕೆಟ್ಟವನೋ, ಗೊತ್ತಿದ್ದೂ ಸುಮ್ಮನಿರೋನು ಕೆಟ್ಟವನೋ? ವ್ಯಾಪಾರ ಮಾಡುವವರೇ ಹೇಳಲಿ.

ಮಾನಕ್ಕೆ ಅಂಜಿದ ಉದಾಹರಣೆಯೂ ಇದೆ. 2010ರಲ್ಲಿ ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿತು. ಆ ವರ್ಷದ ಕೊನೆಗೆ ಟಾಟಾ ಕಂಪನಿ ಎಕ್ಸಾಸ್ಟ್‌ಗೂ ಎಲೆಕ್ಟ್ರಿಕಲ್ ವ್ಯವಸ್ಥೆಗೂ ಹೆಚ್ಚಿನ ರಕ್ಷಣೆ ಪುಕ್ಕಟೆ ಕೂರಿಸಿ ಕೊಡುತ್ತೇವೆ ಅಂತ ಮಾಲೀಕರಿಗೆ ಹೇಳಿತು. ಆದರೆ ಇದು ರೀಕಾಲ್ ಅಲ್ಲ ಅಂತಲೂ ಒತ್ತಿ ಹೇಳಿತು! ಹೆಸರು ಏನಾದರೂ ಇಡಲಿ, ಕೆಲಸ ಆದರೆ ಸರಿ. ಆದರೆ "ರೀಕಾಲ್" ಅಂದರೆ ಎದ್ದು ಹೋಗುವ ಮಾಲೀಕ, "ಹೆಚ್ಚಿನ ರಕ್ಷಣೆ" ಅಂದರೆ "ಮುಂದಿನ ಸರ್ವಿಸ್‌ಗೆ ನೋಡಿಕೊಂಡರಾಯ್ತು" ಅಂತ ಮಲಗುತ್ತಾನೆ. ಮೆತ್ತಗಿನ ಮಾತಿನಿಂದ ಆಗುವ ನಷ್ಟ ಇದು.

ಆಗ ಕಾನೂನಿನ ಕಾಟವೂ ಇರಲಿಲ್ಲ. 2012ರಿಂದ ಕಂಪನಿಗಳು ತಾವಾಗಿ ಒಪ್ಪಿಕೊಂಡ ಒಂದು ಕಟ್ಟುಪಾಡು ಬಂತು. ಕಡ್ಡಾಯ ಬಂದದ್ದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ. ಅದರ 110ಎ ಕಲಂ ಪ್ರಕಾರ ದೋಷದ ಗಾಡಿಗಳನ್ನು ವಾಪಸ್ ಕರೆಯಿರಿ ಅಂತ ಕೇಂದ್ರ ಸರಕಾರ ಆಜ್ಞೆ ಮಾಡಬಹುದು. ಕಂಪನಿ ರಿಪೇರಿ ಮಾಡಿಕೊಡಬೇಕು, ಇಲ್ಲ ಬದಲಿ ಗಾಡಿ ಕೊಡಬೇಕು, ಇಲ್ಲ ಹಣ ವಾಪಸ್ ಕೊಡಬೇಕು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಗೆ ಬಂದವು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯ. ಕಂಪನಿ ತಾನಾಗಿಯೇ ದೋಷ ಹೇಳಿ ಕರೆದರೆ ದಂಡ ಇಲ್ಲ.

ಕಾನೂನು ಚೆನ್ನಾಗೇ ಇದೆ. ತೊಡಕು ಇರುವುದು ಅಂಚೆಯಲ್ಲಿ.

ಕಾಗದ ಹೋಗಿದ್ದು ಎಲ್ಲಿಗೆ?

ಕಂಪನಿ ಫೋನ್ ಮಾಡುವುದು, ಮೆಸೇಜ್ ಕಳಿಸುವುದು, ಕಾಗದ ಹಾಕುವುದು ತನ್ನ ದಫ್ತರಿನಲ್ಲಿರುವ ಹೆಸರಿಗೆ. ಆ ಹೆಸರು ಗಾಡಿಯನ್ನು ಮೊದಲು ಕೊಂಡವನದ್ದು. ಅವನು ಬೆಂಗಳೂರಿನಲ್ಲಿ ಮೂರು ವರ್ಷ ಓಡಿಸಿ ಮಾರಿದ. ಬ್ರೋಕರ್ ಕೈಗೆ ಬಂತು. ಬ್ರೋಕರ್ ದಾವಣಗೆರೆಯವರಿಗೆ ಕೊಟ್ಟ. ಇವರು ಆರು ತಿಂಗಳು ಓಡಿಸಿ ಭಾವಮೈದುನನಿಗೆ ದಾಟಿಸಿದರು. ಆರ್‌ಸಿಯಲ್ಲಿ ಮಾತ್ರ ಇವತ್ತಿಗೂ ಆ ಬೆಂಗಳೂರಿನವನೇ ಮಾಲೀಕ!

29, 30ನೇ ನಂಬರಿನ ಫಾರಂಗಳಿಗೆ ಖಾಲಿ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟರೆ ವ್ಯವಹಾರ ಮುಗಿಯಿತು ಅನ್ನೋದು ಪೇಟೆ ಪದ್ಧತಿ. ಕಾನೂನು ಹಾಗನ್ನುವುದಿಲ್ಲ. ಮಾರಿದವನು ಇದೇ ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು, ಕೊಂಡವನು 30 ದಿನದಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಇದನ್ನು ಮಾಡದವನು ಇನ್ಶೂರೆನ್ಸ್ ಹೊತ್ತಿಗೆ ಒದ್ದಾಡುತ್ತಾನೆ ಅನ್ನೋದು ಎಲ್ಲರಿಗೂ ಗೊತ್ತು. ಬೆಂಕಿ ಬೀಳುವ ಗಾಡಿಯ ಎಚ್ಚರಿಕೆಯೂ ಅವನಿಗೆ ಬರುವುದಿಲ್ಲ ಅನ್ನೋದು ಗೊತ್ತಿಲ್ಲ.

ಮೇಲಾಗಿ, ಸೆಕೆಂಡ್ ಹ್ಯಾಂಡ್ ಗಾಡಿ ಕಂಪನಿ ಸರ್ವಿಸ್ ಸೆಂಟರಿನ ಮೆಟ್ಟಿಲು ಹತ್ತುವುದೇ ಕಮ್ಮಿ. ಅಲ್ಲಿ ಬಿಲ್ ಜಾಸ್ತಿ ಅಂತ ಪಿ.ಬಿ. ರಸ್ತೆಯ ಮೆಕ್ಯಾನಿಕ್ ಹತ್ತಿರ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಮೆಕ್ಯಾನಿಕ್‌ಗಳು ಎಂಜಿನಿಯರುಗಳಿಗೆ ಪಾಠ ಹೇಳುವಂಥವರು. ಆದರೆ ಈ ಚಾಸಿ ನಂಬರಿನ ಗಾಡಿಗೆ ಕಂಪನಿ ಕರೆ ಇದೆ ಅಂತ ಅವರಿಗೆ ಯಾರು ತಿಳಿಸಬೇಕು? ಹೀಗೆ ಯಾರಿಗೆ ಎಚ್ಚರಿಕೆ ತಲುಪಬೇಕೋ ಅವರಿಗೆ ಬಿಟ್ಟು ಮಿಕ್ಕವರಿಗೆಲ್ಲ ತಲುಪುತ್ತದೆ.

ಕೀಲಿ ತೆಗೆದರೂ ಬಿಡದು

"ಏನಾಗಲ್ಲ ಬಿಡ್ರಿ, ಇಷ್ಟ್ ದಿನ ಓಡಿಲ್ವಾ?" ಅನ್ನುವವರಿಗೆ ಒಂದು ಮಾತು. ಬ್ರೇಕ್ ಕೆಟ್ಟರೆ ಗಾಡಿ ಓಡುವಾಗ ಅಪಾಯ. ಎಲೆಕ್ಟ್ರಿಕಲ್ ದೋಷ ಹಾಗಲ್ಲ, ನಿಂತ ಗಾಡಿಗೂ ಅಪಾಯ. ಕೀಲಿ ತೆಗೆದ ಮೇಲೂ ಬ್ಯಾಟರಿಯಿಂದ ಹೊರಡುವ ಕೆಲವು ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕನೆಕ್ಟರ್ ಸಡಿಲ ಆದರೆ ಅಲ್ಲಿ ಬಿಸಿ ಏರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಚೇಸಿಗೆ ಉಜ್ಜಿ ಉಜ್ಜಿ ಸವೆದರೆ ಒಂದು ದಿನ ಕಿಡಿ ಹಾರುತ್ತದೆ. ಮಳೆನೀರು ಒಳಗಿಳಿದರಂತೂ ಕೇಳುವುದೇ ಬೇಡ.

2023ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು 33 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಇಂಥದ್ದೇ ಶಾರ್ಟ್ ಸರ್ಕ್ಯೂಟ್ ಭಯದಿಂದ ವಾಪಸ್ ಕರೆದವು. ಮಾಲೀಕರಿಗೆ ಕೊಟ್ಟ ಸಲಹೆ ಏನು ಗೊತ್ತೆ? ರಿಪೇರಿ ಆಗುವ ತನಕ ಗಾಡಿಯನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಅಂತ. ಅಲ್ಲಿ ಮನೆಗೊಂದು ಅಂಗಳ ಇದ್ದೀತು. ಇಲ್ಲಿ ಎಷ್ಟೋ ಮನೆಗಳಲ್ಲಿ ಸ್ಕೂಟರ್ ಮಲಗುವುದು ನಡುಮನೆಯಲ್ಲಿ, ಇಲ್ಲ ಮಾಳಿಗೆ ಮೆಟ್ಟಿಲ ಕೆಳಗೆ. ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿಗೇ ಬೀಳುತ್ತದೆ.

ಬ್ಯಾಟರಿ ಸ್ಕೂಟರುಗಳ ಕಥೆಯನ್ನು 2022ರಲ್ಲಿ ದೇಶವೇ ನೋಡಿತು. ಆ ವರ್ಷ ಮಾರ್ಚಿಯಲ್ಲಿ ವೆಲ್ಲೂರಿನ ಮನೆಯೊಂದರಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ ತಂದೆ, ಮಗಳು ಇಬ್ಬರೂ ಹೋದರು. ಏಪ್ರಿಲಿನಲ್ಲಿ ಓಕಿನಾವಾ 3,215, ಪ್ಯೂರ್ ಇವಿ 2,000, ಓಲಾ 1,441 ಸ್ಕೂಟರುಗಳನ್ನು ತಪಾಸಣೆಗೆ ಕರೆದವು. ಓಕಿನಾವಾದವರು ನೋಡುತ್ತೇವೆ ಅಂದದ್ದು ಬ್ಯಾಟರಿಯ ಸಡಿಲ ಕನೆಕ್ಟರುಗಳನ್ನು! ಅಷ್ಟು ಸಣ್ಣದು ಸಾಕು. ಆ ವರ್ಷ ಡಿಸೆಂಬರಿನಿಂದ ಬ್ಯಾಟರಿ ಪರೀಕ್ಷೆಯ ನಿಯಮಗಳು ಬಿಗಿಯಾದವು. ಅದಕ್ಕೂ ಮುಂಚೆ ಮಾರಾಟವಾದ ಸ್ಕೂಟರುಗಳು ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿವೆ ಅನ್ನೋದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವವರು ನೆನಪಿಡಬೇಕು.

ತನ್ನ ಗಾಡಿ ಸುಟ್ಟರೆ ತನ್ನದೊಂದೇ ಹೋಯಿತು ಅನ್ನುವ ಹಾಗೂ ಇಲ್ಲ. 2024ರ ನವೆಂಬರ್ ಕೊನೆಗೆ ವಾರಾಣಸಿ ರೈಲು ನಿಲ್ದಾಣದ ವಾಹನ ಸ್ಟ್ಯಾಂಡಿನಲ್ಲಿ ಬೆಂಕಿ ಎದ್ದು ಸುಮಾರು 200 ಬೈಕುಗಳು ಒಂದೇ ರಾತ್ರಿ ಬೂದಿಯಾದವು. ಒತ್ತೊತ್ತಾಗಿ ನಿಲ್ಲಿಸಿದ ಸಾಲಿನಲ್ಲಿ ಒಂದು ಕಿಡಿ ಏನು ಮಾಡುತ್ತದೆ ಅನ್ನೋದಕ್ಕೆ ಅದೇ ಸಾಕ್ಷಿ. ಬಸ್ ಸ್ಟ್ಯಾಂಡ್ ಬಳಿ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ಗಾಡಿ ನಿಲ್ಲಿಸಿ ಹೋಗುವವರು ಪಕ್ಕದವನ ಗಾಡಿಯ ವೈರಿಂಗನ್ನೂ ನಂಬಿಯೇ ಬಸ್ ಹತ್ತುತ್ತಾರೆ.

ಏನು ಮಾಡಬೇಕು?

ಮೊದಲನೆಯದು, ಆರ್‌ಸಿ ತೆಗೆದು ಚಾಸಿ ನಂಬರ್ ನೋಡಿಕೊಳ್ಳಿ. ಅಕ್ಷರ, ಅಂಕಿ ಸೇರಿ 17 ಇರುತ್ತವೆ. ಅದನ್ನು ಕಂಪನಿ ಸರ್ವಿಸ್ ಸೆಂಟರಿಗೆ ಹೇಳಿ, "ಈ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ?" ಅಂತ ಒಂದೇ ಪ್ರಶ್ನೆ ಕೇಳಿ. ಸೆಕೆಂಡ್ ಹ್ಯಾಂಡ್ ಅಂತ ಹಿಂಜರಿಯಬೇಡಿ. ಕರೆ ಗಾಡಿಗೆ, ಮೊದಲ ಮಾಲೀಕನ ಮುಖ ನೋಡಿ ಅಲ್ಲ. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಉತ್ತರ ಬರುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಇದ್ದರೆ ಐದು ನಿಮಿಷದ ಕೆಲಸ.

ಎರಡನೆಯದು, ರೀಕಾಲ್ ಇದೆ ಅಂದರೆ ಸರ್ವಿಸ್ ದಿನದವರೆಗೆ ಕಾಯಬೇಡಿ. ಭಾಗ ಬರುವುದು ತಡ ಆಗುತ್ತೆ ಅಂದರೆ ಅಲ್ಲಿಯವರೆಗೆ ಏನು ಮಾಡಬಾರದು ಅಂತ ಕೇಳಿ. 2021ರಲ್ಲಿ ಮಾರುತಿಯವರು ನೀರು ನಿಂತ ಕಡೆ ಕಾರು ಇಳಿಸಬೇಡಿ, ಎಲೆಕ್ಟ್ರಿಕಲ್ ಭಾಗಗಳ ಮೇಲೆ ನೇರ ನೀರು ಹೊಡೆಸಬೇಡಿ ಅಂದಿದ್ದರು. ಮಳೆ ಬಂದರೆ ಅಂಡರ್‌ಪಾಸ್ ಕೆರೆಯಾಗುವ ಊರಲ್ಲಿ, ಬಾನೆಟ್ ಎತ್ತಿ ಪೈಪು ಹಿಡಿಯುವ ವಾಟರ್ ವಾಶ್‌ಗಳ ಊರಲ್ಲಿ, ಈ ಮಾತು ಗೋಡೆ ಮೇಲೆ ಬರೆಸುವಂಥದ್ದು.

ಮೂರನೆಯದು, ಕೆಲಸ ಆದ ಮೇಲೆ ಜಾಬ್ ಕಾರ್ಡಿನಲ್ಲಿ ಯಾವ ಭಾಗ ನೋಡಿದರು, ಬದಲಾಯಿಸಿದರೋ ಇಲ್ಲವೋ ಅಂತ ಬರೆಸಿಕೊಂಡು ಕಾಗದ ಇಟ್ಟುಕೊಳ್ಳಿ. "ಆಗಿದೆ ಹೋಗ್ರಿ" ಅನ್ನೋದು ರಸೀದಿ ಅಲ್ಲ. ನಾಳೆ ಗಾಡಿ ಮಾರುವಾಗಲೂ ಆ ಕಾಗದಕ್ಕೆ ಬೆಲೆ ಇದೆ.

ನಾಲ್ಕನೆಯದು, ದುಡ್ಡು ಕೇಳಿದರೆ, ಇಲ್ಲ ಇವತ್ತು ನಾಳೆ ಅಂತ ಅಲೆಸಿದರೆ, ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಒಂದೇ ಮಾಡೆಲ್‌ನಲ್ಲಿ ಒಂದೇ ದೋಷ ಹತ್ತು ಜನರಿಗೆ ಕಂಡರೆ ಹತ್ತೂ ಜನ ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಸರಕಾರ ಕಂಪನಿಯ ಕಿವಿ ಹಿಂಡುವುದು ದೂರುಗಳ ಲೆಕ್ಕ ನೋಡಿ. ಟೀ ಅಂಗಡಿ ಮುಂದೆ ಬೈದದ್ದು ಲೆಕ್ಕಕ್ಕೆ ಬರುವುದಿಲ್ಲ.

ಐದನೆಯದು ಸ್ವಲ್ಪ ಖಾರದ ಮಾತು. ಎಲ್ಲ ತಪ್ಪನ್ನೂ ಕಂಪನಿ ಮೇಲೆ ಹೊರಿಸುವ ಹಾಗಿಲ್ಲ. ಕಂಪನಿ ಕೊಟ್ಟ ಹಾರ್ನ್ ಸಾಲದು ಅಂತ ಡಬಲ್ ಹಾರ್ನ್, ಲೈಟ್ ಸಾಲದು ಅಂತ ಫಾಗ್ ಲೈಟ್, ಅದಕ್ಕೆಲ್ಲ ಇದ್ದ ವೈರನ್ನೇ ಸುಲಿದು ಟೇಪ್ ಸುತ್ತಿ ಕನೆಕ್ಷನ್. ಫ್ಯೂಸ್ ಹೋದರೆ ಅದರ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಇಲ್ಲ ಒಂದು ತುಂಡು ತಂತಿ! ಫ್ಯೂಸ್ ಇರುವುದೇ ತಾನು ಸುಟ್ಟು ಗಾಡಿಯನ್ನು ಉಳಿಸಲಿಕ್ಕೆ. ಅದನ್ನು ಕಿತ್ತು ತಂತಿ ಹಾಕಿದರೆ ಫ್ಯೂಸ್ ಉಳಿಯುತ್ತದೆ, ಗಾಡಿ ಸುಡುತ್ತದೆ. ಆಮೇಲೆ ಕಂಪನಿಯವರು "ವೈರಿಂಗ್ ಕೆಡಿಸಿದ್ದೀರಿ" ಅಂತ ಕೈ ತೊಳೆದುಕೊಳ್ಳಲು ತಾನೇ ದಾರಿ ಮಾಡಿಕೊಟ್ಟ ಹಾಗೆ.

ಬಸ್ ಪ್ರಯಾಣಿಕರ ಕೈಯಲ್ಲಿ ಆರ್‌ಸಿ ಇರುವುದಿಲ್ಲ, ನಿಜ. ಆದರೆ ಮೂಗು ಇರುತ್ತದೆ. ವೈರ್ ಸುಟ್ಟ ವಾಸನೆ ಬಂದರೆ, ಸೀಟಿನ ಕೆಳಗೆ ಜೋತುಬಿದ್ದ ವೈರ್ ಕಂಡರೆ, ಕಂಡಕ್ಟರಿಗೆ ಗಟ್ಟಿಯಾಗಿ ಹೇಳಬೇಕು, ಬಸ್ ನಿಲ್ಲಿಸಿ ನೋಡಿಸಬೇಕು. ಸಂಕೋಚ ಪಡುವ ಜಾಗ ಅದಲ್ಲ.

ಇನ್ನು ಸಂಬಂಧಪಟ್ಟವರ ಪಾಲು. ಆರ್‌ಸಿ ವರ್ಗಾವಣೆಗೆ ಬಂದವರಿಗೆ ರೀಕಾಲ್ ಬಾಕಿ ಇದೆಯೇ ಅಂತ ನೋಡಿ ಹೇಳುವ ಪದ್ಧತಿಯನ್ನು ಆರ್‌ಟಿಓ ಸಾಹೇಬರು ಮಾಡಲಿ. ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಒಂದು ಪಟ್ಟಿ ಅಂಟಿಸಲು ಸರಕಾರದ ಮಂಜೂರಾತಿ ಬೇಕೆ? ಇನ್ಶೂರೆನ್ಸ್ ಮುಗಿಯುತ್ತೆ ಅಂತ ವಾರಕ್ಕೆ ಮೂರು ಸಲ ಫೋನ್ ಮಾಡುವ ಡೀಲರುಗಳು ರೀಕಾಲ್ ಇದೆ ಅಂತ ಗ್ಯಾರೇಜ್ ಸಾಲಿಗೆ ಒಂದು ಕರಪತ್ರ ಹಂಚಲಿ. ಸೆಕೆಂಡ್ ಹ್ಯಾಂಡ್ ಬ್ರೋಕರುಗಳು ಟೈರು, ಬ್ಯಾಟರಿ ತೋರಿಸುವ ಹಾಗೆಯೇ ರೀಕಾಲ್ ಕೆಲಸ ಆದ ಕಾಗದವನ್ನೂ ತೋರಿಸಲಿ. ಕೊಳ್ಳುವವರೂ ಅದನ್ನು ಕೇಳಿ ಪಡೆಯುವ ರೂಢಿ ಮಾಡಿಕೊಳ್ಳಲಿ.

ಇವರೆಲ್ಲ ಮಾಡುವ ಹೊತ್ತಿಗೆ ಇನ್ನೊಂದು ಮಳೆಗಾಲ ಬಂದಿರುತ್ತದೆ. ಅಲ್ಲಿಯವರೆಗೆ ಕಾಯದೆ ಇವತ್ತೇ ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ಆರ್‌ಸಿ ಹೊರಗೆ ತೆಗೆಯಿರಿ. ಅದರಲ್ಲಿ ಇರುವ ಹೆಸರು ಯಾರದ್ದು, ನಂಬರ್ ಏನು ಅಂತ ನೋಡಿ. ಹೆಸರು ಬೇರೆಯವರದ್ದಾಗಿದ್ದರೆ ಕಂಪನಿ ಕರೆದದ್ದು ಅವರನ್ನು. ಗಾಡಿ ಮಾತ್ರ ನಿಮ್ಮ ಮನೆಯೊಳಗೆ ನಿಂತಿದೆ.