ಒಂದೇ ವರ್ಷದ ಆಯ್ಕೆ

ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಪರಿಚಿತರೊಬ್ಬರು ಕಳೆದ ವಾರ ಸಂಜೆಯ ಹೊತ್ತಿಗೆ ಬಂದು ಜಗಲಿಯಲ್ಲಿ ಕುಳಿತರು. ಹದಿನಾರರೊಳಗಿನ ಬಾಲಕರ ಕ್ರಿಕೆಟ್ ತಂಡದ ಆಯ್ಕೆಗೆ ಅವರ ಮಗನೂ ಎದುರುಮನೆಯ ಹುಡುಗನೂ ಒಟ್ಟಿಗೆ ಹೋಗಿದ್ದರಂತೆ. ಎದುರುಮನೆಯವನಿಗೆ ಸ್ಥಾನ ದೊರೆಯಿತು; ಇವನಿಗೆ ದೊರೆಯಲಿಲ್ಲ. “ಮೇಷ್ಟ್ರೇ, ಇವನ ಯೋಗ್ಯತೆ ಇಷ್ಟೇ ಎಂದು ಬ್ಯಾಟನ್ನು ಅಟ್ಟಕ್ಕೆ ಹಾಕಿಬಿಡಲೇ?” ಎಂದು ಕೇಳಿದರು.

ಆಸ್ಟ್ರೇಲಿಯಾದವರಿಗೆ ತಮ್ಮದೇ ಆದ ಒಂದು ಬಗೆಯ ಕಾಲ್ಚೆಂಡಾಟವುಂಟು. ಅಲ್ಲಿನ ಸಂಘಗಳು 1986ರಿಂದೀಚೆಗೆ ವರ್ಷವರ್ಷವೂ ತರುಣರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಆರಿಸಿದ ಕ್ರಮಾಂಕವು ಹುಡುಗನ ಹೆಸರಿಗೆ ಅಂಟಿಕೊಂಡು, ಮೊದಲನೆಯವನೆಷ್ಟು, ನಲವತ್ತನೆಯವನೆಷ್ಟು ಎಂದು ಜನರು ಬಹುಕಾಲ ತೂಗುತ್ತಿರುತ್ತಾರೆ. ತರಗತಿಯಲ್ಲಿ ಅಂಕಗಳ ಕ್ರಮದಲ್ಲಿ ಹೆಸರು ಕೂಗುತ್ತಿದ್ದ ನಾವು ಅವರನ್ನು ಹಾಸ್ಯಮಾಡುವಂತಿಲ್ಲ.

ಆ ಆಟದ ಅಂತಿಮ ಪಂದ್ಯವು ಸಾಮಾನ್ಯವಾಗಿ ನಡೆಯುವ ಮೆಲ್ಬೋರ್ನ್ ಮೈದಾನದಲ್ಲಿಯೇ ನಮ್ಮ ನಾಡಿನ ಇಬ್ಬರ ವೃತ್ತಾಂತವೂ ಸೇರಿಕೊಂಡಿದೆ. 2010ರಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪಿಗೆ ಭಾರತದ ತಂಡ ನ್ಯೂಜಿಲೆಂಡಿಗೆ ಹೋದಾಗ ಕೆ. ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಇಬ್ಬರೂ ಅದರಲ್ಲಿದ್ದರು. ಅಲ್ಲಿ ಭಾರತದ ಪರ ಅತ್ಯಧಿಕ ರನ್ ಗಳಿಸಿದವರು ಮಯಾಂಕರು. ಆದರೆ 2014ರ ಡಿಸೆಂಬರ್ 26ರಂದು ಮೆಲ್ಬೋರ್ನಿನಲ್ಲಿ ಮೊದಲ ಟೆಸ್ಟ್ ಆಡಿದವರು ರಾಹುಲರು. ಗಳಿಸಿದ್ದು 3 ಮತ್ತು 1! ಅಷ್ಟಕ್ಕೇ ತೀರ್ಪು ಕೊಟ್ಟಿದ್ದರೆ ಮುಂದಿನ ಸಿಡ್ನಿ ಪಂದ್ಯದ 110ನ್ನು ಯಾರು ಕಾಣುತ್ತಿದ್ದರು? ಮಯಾಂಕರಿಗೆ ಸರದಿ ಬಂದದ್ದು ಸರಿಯಾಗಿ ನಾಲ್ಕು ವರ್ಷಗಳ ಅನಂತರ, ಅದೇ ಮೈದಾನದಲ್ಲಿ, ಅದೇ ತಾರೀಖಿನಂದು. ಅವರು ಮೊದಲ ಸರದಿಯಲ್ಲಿಯೇ 76 ಗಳಿಸಿದರು; 2019ರಲ್ಲಿ ಒಂದೂವರೆ ತಿಂಗಳೊಳಗೆ 215, 243 ಎಂದು ಎರಡು ದ್ವಿಶತಕಗಳನ್ನು ಬಾರಿಸಿದರು.

ಇವರ ಸಮವಯಸ್ಕರಾದ ಕರುಣ್ ನಾಯರರದು ಇನ್ನೂ ವಿಚಿತ್ರ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ರಾಹುಲರು 199ಕ್ಕೆ ಔಟಾಗಿ ಒಂದು ರನ್ನಿಗೆ ಮರುಗಿದ ಸರದಿಯಲ್ಲಿಯೇ ಇವರು ಔಟಾಗದೆ 303 ಗಳಿಸಿದರು. ಮೂರು ತಿಂಗಳು ಕಳೆಯಿತು; ತಂಡದಿಂದ ಹೊರಗೆ. ಮತ್ತೆ ಟೆಸ್ಟ್ ಆಡಿದ್ದು 2025ರ ಜೂನಿನಲ್ಲಿ, ಲೀಡ್ಸಿನಲ್ಲಿ. ಮೊದಲ ಸರದಿಯ ಗಳಿಕೆ ಸೊನ್ನೆ! ಅದೇ ಪಂದ್ಯದಲ್ಲಿ ರಾಹುಲರು 137 ಹೊಡೆದರು.

ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕೆಂಬುದು ನಮ್ಮ ಶಾಸ್ತ್ರಕಾರರ ಸ್ಥಾಲೀಪುಲಾಕನ್ಯಾಯ. ಒಂದೇ ಪಾತ್ರೆಯ ಅಕ್ಕಿಗೆ ಅದು ಸಲ್ಲುತ್ತದೆ. ಒಂದೇ ವರ್ಷ ಆಯ್ಕೆಗೆ ನಿಂತ ಮಾತ್ರಕ್ಕೆ ಹುಡುಗರು ಒಂದೇ ಪಾತ್ರೆಯವರಾಗುವುದಿಲ್ಲ. ಆದಕಾರಣ ಇನ್ನೆರಡು ವರ್ಷ ಅವನು ಆಡಲಿ, ಓದೂ ಸಾಗಲಿ, ಊಟದ ಹೊತ್ತಿನಲ್ಲಿ ಎದುರುಮನೆಯವನ ಹೆಸರನ್ನು ಎತ್ತಬೇಡಿ ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೆಲ್ಲ ಸರಿ ಮೇಷ್ಟ್ರೇ, ಆ ಎಂಟು ವರ್ಷ ಕರುಣ್ ನಾಯರರ ಮನೆಯ ಖರ್ಚು ಹೇಗೆ ನಡೆಯಿತು?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ವಿದರ್ಭದ ತಂಡವಿತ್ತು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಇತ್ತು. ಆಟವೇ ಅನ್ನ ಕೊಡುತ್ತಿತ್ತು. ನೇಕಾರರ ಮಗನಿಗೆ ಹಾಗೆ ಹೇಳಲು ನಮ್ಮಲ್ಲಿ ಏನಿದೆ? ಸಂಜೆ ಎರಡು ಗಂಟೆಗಳ ಕಾಲ ಮಗ್ಗದ ಕೆಲಸದಿಂದ ಅವನನ್ನು ಬಿಡುವಂತೆ ಕೇಳಿಕೊಂಡೆವು. ಒಂದು ಗಂಟೆಗೆ ಒಪ್ಪಿ, ಚಪ್ಪಲಿ ಮೆಟ್ಟಿಕೊಂಡು ಎದ್ದರು.