ಯುರೋಪಿನ ರೈಲು ಮತ್ತು ಮನೆಯ ಹಿರಿಯರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆ, ಬೆಂಗಳೂರು, ಹೊರದೇಶಗಳಲ್ಲಿ ನೌಕರಿಯಲ್ಲಿದ್ದಾರೆ. ತಂದೆತಾಯಿಗಳನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಯುರೋಪನ್ನು ರೈಲಿನಲ್ಲಿ ನೋಡಿ ಬರಬೇಕೆಂಬ ಆಸೆ ಅವರಲ್ಲಿ ಕೆಲವರಿಗಾದರೂ ಇದೆ. ಆಸೆ ಮೆಚ್ಚತಕ್ಕದ್ದೇ. ಅದಕ್ಕಾಗಿ ಅವರು ಹಾಕುವ ಯೋಜನೆಯ ಬಗ್ಗೆ ಮಾತ್ರ ನನ್ನ ತಕರಾರಿದೆ.

ಪರಿಚಯದ ಕುಟುಂಬವೊಂದು ತನ್ನ ಪ್ರವಾಸದ ಪಟ್ಟಿಯನ್ನು ನನಗೆ ತೋರಿಸಿತು. 74 ವರ್ಷದ ಅಜ್ಜ, ಮೊಣಕಾಲು ನೋವಿನ ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. 11 ದಿನಗಳಲ್ಲಿ 7 ನಗರಗಳು! ಒಂದು ಕಡೆಯಂತೂ ಎಂಟೇ ನಿಮಿಷಗಳಲ್ಲಿ ರೈಲು ಬದಲಿಸಬೇಕಿತ್ತು. ಅಜ್ಜಿಯನ್ನು ಕೇಳಿದಿರಾ ಎಂದೆ. "ಅವ್ವಗ ಏನ್ ಕೇಳೂದ್ರಿ ಸರ, ನಾವು ಕರಕೊಂಡು ಹ್ವಾದಲ್ಲಿ ಬರ್ತಾಳ" ಎಂದನು ಮಗ. ಪ್ರೀತಿಯಿಂದಲೇ ಆಡಿದ ಮಾತು. ಆದರೂ ಗಂಟುಮೂಟೆಯ ಬಗ್ಗೆ ಆಡುವ ಮಾತೂ ಇದೇ ಬಗೆಯದು.

ನಮ್ಮ ಹಿರಿಯರಿಗೆ ರೈಲು ಹೊಸದಲ್ಲ. ಹೋಟಗಿ–ಗದಗ ಮಾರ್ಗ ಈ ಭಾಗದಲ್ಲಿ ಬ್ರಿಟಿಷರ ಕಾಲದಿಂದಲೂ ಇದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಇಂದಿಗೂ ರೈಲಿಲ್ಲ. ಇಂಡಿ, ಬಾಗೇವಾಡಿಗಳ ನಿಲ್ದಾಣಗಳಾದರೋ ಊರಿನಿಂದ ದೂರ. ಅವುಗಳ ಹೆಸರಿನ ಮುಂದಿರುವ 'ರೋಡ್' ಎಂಬ ಮಾತಿನ ಅರ್ಥ ಬಾಡಿಗೆ ಟಂಟಂ ಏರಿದವರಿಗೆ ಗೊತ್ತು. ಕಾಯುವುದು, ಸಾಮಾನು ಹೊರುವುದು, ಸೀಟು ಹಂಚಿಕೊಂಡು ಕೂಡುವುದು ಈ ಜನಕ್ಕೆ ಕಲಿಸಬೇಕಾದ ವಿದ್ಯೆಗಳಲ್ಲ.

ನಮ್ಮ ರೈಲ್ವೆಯ ನಿಯಮಗಳು ಕುಟುಂಬವನ್ನು ಕುಟುಂಬವಾಗಿ ನೋಡುವುದು ಕಡಿಮೆ. ಒಂದು ಟಿಕೆಟ್ಟಿನಲ್ಲಿ ಆರು ಹೆಸರುಗಳಿಗಷ್ಟೇ ಅವಕಾಶ. ಹಿರಿಯರಿಗಾಗಿ ಮೀಸಲಾದ ಕೆಳಬರ್ತಿನ ಕೋಟಾ ಬೇಕಾದರೆ ಅವರು ಒಬ್ಬರೇ ಅಥವಾ ಇಬ್ಬರೇ ಬೇರೆ ಟಿಕೆಟ್ ತೆಗೆಸಬೇಕು. ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50ರಷ್ಟಿದ್ದ ಹಿರಿಯ ನಾಗರಿಕರ ರಿಯಾಯಿತಿಯು 2020ರ ಮಾರ್ಚಿನಲ್ಲಿ ನಿಂತುಹೋಯಿತು. ಯುರೇಲ್ ಪಾಸಿನಲ್ಲಿಯಾದರೋ 60 ದಾಟಿದವರಿಗೆ ಶೇ. 10ರಷ್ಟು ಕಡಿಮೆ, 4ರಿಂದ 11 ವರ್ಷದ ಮಕ್ಕಳಿಗೆ, ಒಬ್ಬ ವಯಸ್ಕರ ಜೊತೆ ಇಬ್ಬರಂತೆ, ಪುಕ್ಕಟೆ ಪಾಸು.

ಪಾಸು ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ. ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲುಗಳು, ಯೂರೋಸ್ಟಾರ್ ಇವುಗಳಿಗೆ ಪ್ರತ್ಯೇಕ ಹಣ ಕೊಟ್ಟು ಸೀಟು ಕಾದಿರಿಸಲೇಬೇಕು. ಆರು ಜನಕ್ಕೆ ಒಂದೇ ಕಡೆ ಸೀಟು ಬೇಕೆಂದರೆ ಬಹಳ ಮುಂಚೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಗಳ ಬಹುತೇಕ ಹಗಲು ರೈಲುಗಳಿಗೆ ಆ ನಿರ್ಬಂಧವಿಲ್ಲ. ಒಂದು ತಪ್ಪಿದರೆ ಪಾಸು ಉಳ್ಳವರು ಮುಂದಿನದನ್ನು ಏರಬಹುದು. ಮುದುಕರೂ ಮಕ್ಕಳೂ ಇರುವ ಕುಟುಂಬಕ್ಕೆ ವೇಗಕ್ಕಿಂತ ಈ ಸ್ವಾತಂತ್ರ್ಯವೇ ದೊಡ್ಡದೆಂದು ನಾನು ಬಗೆಯುತ್ತೇನೆ. ಅಲ್ಲಿ ಹಮಾಲರನ್ನು ನೆಚ್ಚುವಂತಿಲ್ಲ. ರೈಲು ಎರಡು ಮೂರು ನಿಮಿಷ ನಿಂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಎಂಟು ನಿಮಿಷದ ಬದಲಾವಣೆ ಆ ಅಜ್ಜಿಗೆ ಪ್ರವಾಸವಲ್ಲ, ಶಿಕ್ಷೆ.

ಆ ಮನೆಯ ಅಜ್ಜ ಬಾಗೇವಾಡಿಯವರು. ಅವರಿಗಿದ್ದ ಆಸೆ ಒಂದೇ: ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಮೂರ್ತಿಯನ್ನು ನೋಡುವುದು. ತಮ್ಮೂರಿನಲ್ಲಿ ಹುಟ್ಟಿದವನು ಅಲ್ಲಿ ಹೇಗೆ ನಿಂತಿದ್ದಾನೆಂದು ಕಾಣುವ ಹಂಬಲ. ಪಟ್ಟಿಯಲ್ಲಿ ಲಂಡನ್ನೇ ಇರಲಿಲ್ಲ! ಷೆಂಗೆನ್ ವೀಸಾ ಬ್ರಿಟನ್ನಿಗೆ ಸಲ್ಲದು, ಆರು ಜನಕ್ಕೂ ಬೇರೆ ವೀಸಾ ಮಾಡಿಸಬೇಕು ಎಂಬುದು ಮಗನ ಲೆಕ್ಕ. ಲೆಕ್ಕ ಸರಿ. ಷೆಂಗೆನ್ ವೀಸಾಕ್ಕೇ ವಯಸ್ಕರೊಬ್ಬರಿಗೆ 90 ಯೂರೋ ಬೀಳುತ್ತದೆ. ಹಾಗಿದ್ದರೂ, ನಾಲ್ಕು ನಗರ ಕೈಬಿಟ್ಟು ಲಂಡನ್ ಸೇರಿಸಿರಿ ಎಂದೇ ನಾನು ವಾದಿಸಿದೆ. ಅಲ್ಲಿಂದ ಪ್ಯಾರಿಸ್ಸಿಗೆ ಯೂರೋಸ್ಟಾರಿನಲ್ಲಿ ಎರಡೂಕಾಲು ಗಂಟೆಯ ಸುಮಾರಿನ ಹಾದಿ. 1994ರಲ್ಲಿ ತೆರೆದ, ಸುಮಾರು 50 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಸಮುದ್ರದ ಅಡಿಯಿಂದ ಹಾಯ್ದುಹೋಗುವಾಗ ಮೊಮ್ಮಕ್ಕಳ ಪ್ರಶ್ನೆಗಳಿಗೆ ಅಜ್ಜನೂ ಉತ್ತರ ಹುಡುಕಬೇಕಾದೀತು.

ವೀಸಾದ ಬೆರಳಚ್ಚಿಗಾಗಿ ಹಿರಿಯರು ಬೆಂಗಳೂರಿನಂಥ ನಗರಕ್ಕೆ ಖುದ್ದಾಗಿ ಹೋಗಲೇಬೇಕು. ವಿಜಯಪುರದಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಆರೂ ಜನ ಒಟ್ಟಿಗೆ ಹೋಗಿಬನ್ನಿರಿ. ಅಜ್ಜಿ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು, ಚಿಕ್ಕವನು ಎಷ್ಟು ಗಂಟೆಗೆ ರಂಪ ತೆಗೆಯುತ್ತಾನೆ, ಯಾರಿಗೆ ಯಾವ ಗುಳಿಗೆ ಯಾವ ವೇಳೆಗೆ — ಇವೆಲ್ಲ ಒಂದು ರಾತ್ರಿಯಲ್ಲಿ ತಿಳಿದುಬರುತ್ತವೆ. ಯುರೋಪಿನ ವೇಳಾಪಟ್ಟಿಯನ್ನು ಅದಾದ ಮೇಲೆ ಬರೆಯತಕ್ಕದ್ದು.

ಬುತ್ತಿಯ ಜವಾಬ್ದಾರಿಯನ್ನಂತೂ ಅಜ್ಜಿಗೇ ಬಿಡಿರಿ. ಯುರೋಪಿಯನ್ ಒಕ್ಕೂಟದ ದೇಶಗಳೊಳಗೆ ಪ್ರವಾಸಿಗರು ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪ, ಪೇಢೆ ಬೇಡ. ಖಡಕ್ ರೊಟ್ಟಿಗೂ ಶೇಂಗಾ ಚಟ್ನಿಗೂ ಆ ತೊಡಕಿಲ್ಲ.