ಶಿಷ್ಯವೇತನವೂ ನಾಡಿನ ಆರೋಗ್ಯವೂ

ವಯನಾಡಿನ ಬೆಟ್ಟಗಳಲ್ಲಿ ಮಳೆ ಹಿಡಿದ ದಿನ ನಂಜನಗೂಡಿನ ಜನ ಆಕಾಶವನ್ನು ನೋಡುವುದಿಲ್ಲ, ಹೊಳೆಯನ್ನು ನೋಡುತ್ತಾರೆ. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿರುವ ಅಣೆಕಟ್ಟಿನ ಗರಿಷ್ಠ ಮಟ್ಟ ೨೨೮೪ ಅಡಿ. ನೀರು ಆ ಮಟ್ಟವನ್ನು ಸಮೀಪಿಸಿತೆಂದರೆ ಬಾಗಿಲುಗಳನ್ನು ತೆರೆಯದೆ ಗತ್ಯಂತರವಿಲ್ಲ. ಹಾಗೆ ಬಿಟ್ಟ ನೀರು ಶ್ರೀಕಂಠೇಶ್ವರನ ಸನ್ನಿಧಿಯ ಸ್ನಾನಘಟ್ಟವನ್ನು ಮುಳುಗಿಸಿ, ಸುತ್ತೂರನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ೨೦೧೮ರ ಹಾಗೂ ೨೦೧೯ರ ಆಗಸ್ಟ್ ತಿಂಗಳುಗಳಲ್ಲಿ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರು–ನಂಜನಗೂಡು ಸಂಚಾರ ನಿಂತುಹೋದುದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ.

ಅಂತಹ ದಿನಗಳಲ್ಲಿ ತಾಲ್ಲೂಕು ಆಡಳಿತಕ್ಕೆ ಮೊದಲು ಬೇಕಾಗುವುದು ಆಳುಬಲ. ಆಗ ಯುವಕರೂ ವಿದ್ಯಾರ್ಥಿಗಳೂ ತಾವಾಗಿಯೇ ಮುಂದೆ ಬರುತ್ತಾರೆ. ಗಂಜಿಕೇಂದ್ರಗಳಲ್ಲಿ ಬಡಿಸುತ್ತಾರೆ, ಹೊದಿಕೆಗಳನ್ನು ಹಂಚುತ್ತಾರೆ, ನಡೆಯಲಾರದ ವೃದ್ಧರನ್ನು ಎತ್ತಿ ತರುತ್ತಾರೆ. ಅವರ ಸೇವಾಭಾವವನ್ನು ಕೊಂಡಾಡದವರಿಲ್ಲ. ಆದರೆ ನೆರೆ ಇಳಿದು, ವೃತ್ತಪತ್ರಿಕೆಗಳ ಛಾಯಾಚಿತ್ರಗ್ರಾಹಕರೂ ಹಿಂದಿರುಗಿದ ಮೇಲೆಯೇ ಬೇರೊಂದು ಬಗೆಯ ಕೆಲಸ ಆರಂಭವಾಗುತ್ತದೆ. ಕುಡಿಯುವ ನೀರಿಗೆ ಹೊಲಸು ಸೇರಿದೆಯೆ? ಇಲಿಜ್ವರದ ಲಕ್ಷಣ ಯಾರಿಗೆ ಕಾಣಿಸಿಕೊಂಡಿದೆ? ಹಾವುಗಳು ಯಾವ ಕೇರಿಯ ಕಡೆಗೆ ಸರಿದಿವೆ? ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೀರುಪಾಲು ಮಾಡಿಕೊಂಡು ಸುಮ್ಮನೆ ಕುಳಿತಿರುವ ಅಜ್ಜಿ ಯಾರು? ಇವುಗಳಿಗೆ ಉತ್ತರ ಹುಡುಕಬೇಕಾದಾಗ ಗಂಜಿಕೇಂದ್ರದ ಉತ್ಸಾಹಿಗಳು ಅಲ್ಲಿರುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಅವರಿಗೆ ಪರೀಕ್ಷೆಗಳಿವೆ, ಮನೆಯ ತಾಪತ್ರಯಗಳಿವೆ; ಅಲ್ಲಿ ಉಳಿಯುವಂತೆ ಅವರನ್ನು ಯಾರೂ ನೇಮಿಸಿಯೂ ಇಲ್ಲ.

ಹಾಗೆ ನೇಮಿಸಬೇಕು, ನೇಮಿಸಿ ವೇತನ ಕೊಡಬೇಕು ಎಂಬುದೇ ಈ ಲೇಖನದ ಅಭಿಪ್ರಾಯ. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ, ತಹಸೀಲ್ದಾರರ ವಿಪತ್ತು ನಿರ್ವಹಣಾ ಕೊಠಡಿಯಲ್ಲಿ ಪ್ರತಿವರ್ಷವೂ ಕೆಲವು ವಿದ್ಯಾರ್ಥಿಗಳು ಕ್ರಮಬದ್ಧವಾಗಿ ಕೆಲಸ ಕಲಿಯುವಂತಾಗಬೇಕು. ಇಂಗ್ಲಿಷ್ ಬಲ್ಲವರು ಇಂಟರ್ನ್‌ಶಿಪ್ ಎಂದು ಕರೆಯುವ ಈ ಪದ್ಧತಿ ವೈದ್ಯವಿದ್ಯಾರ್ಥಿಗಳಿಗೆ ಹೊಸದಲ್ಲ. ಉಳಿದವರಿಗೆ, ಅಂದರೆ ದಾದಿಯರ ಶಿಕ್ಷಣ, ಸಮಾಜಕಾರ್ಯ, ವಿಜ್ಞಾನ, ಕಲಾ ವಿಭಾಗಗಳ ವಿದ್ಯಾರ್ಥಿಗಳಿಗೆ, ಶಿಷ್ಯವೇತನ ಸಹಿತವಾದ ಅಂತಹ ಬಾಗಿಲು ನಮ್ಮ ತಾಲ್ಲೂಕುಗಳಲ್ಲಿ ತೆರೆಯಬೇಕಾಗಿದೆ.

ಆರೋಗ್ಯ ಇಲಾಖೆಯಲ್ಲಿ ವೈದ್ಯರಲ್ಲದವರಿಗೆ ಏನು ಕೆಲಸ ಎಂದು ಕೇಳುವವರಿರಬಹುದು. ವಾಸ್ತವವಾಗಿ ಸಾರ್ವಜನಿಕ ಆರೋಗ್ಯದ ಬಹುಪಾಲು ಕೆಲಸ ಔಷಧಿಯ ಸೀಸೆಯಿಂದ ದೂರದಲ್ಲೇ ನಡೆಯತಕ್ಕದ್ದು. ೨೦೨೪ರ ಮೇ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರಿನ ದೆಸೆಯಿಂದ ವಾಂತಿಭೇದಿ ಹರಡಿ ಯುವಕನೊಬ್ಬ ಅಸುನೀಗಿದನು. ನಲ್ಲಿಯ ನೀರಿನಲ್ಲಿ ಲೀಟರಿಗೆ ೦.೨ ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಎರಡು ಹನಿ ದ್ರಾವಣ ಬೆರೆಸಿ, ಬಣ್ಣವನ್ನು ಹೋಲಿಸಿ ನೋಡಿದರೆ ಅದು ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಓದಿದ ಯಾರಾದರೂ ಇದನ್ನು ಮಾಡಬಲ್ಲರು. ಆದರೆ ತೊಟ್ಟಿಯ ಬುಡದಲ್ಲಲ್ಲ, ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಮಾಡಬೇಕು. ಅದನ್ನೂ ತಪ್ಪದೆ, ಬರೆದಿಡುತ್ತ, ಕಡಿಮೆ ಕಂಡ ದಿನವೇ ಪಂಚಾಯಿತಿಗೆ ತಿಳಿಸುತ್ತ ಮಾಡಬೇಕು.

ಡೆಂಗಿಯ ವಿಷಯವೂ ಹೀಗೆಯೇ. ೨೦೨೪ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಸೊಳ್ಳೆ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಅದು ಮರಿಯಾಗಿ, ರೆಕ್ಕೆ ಬಲಿತು ಹಾರುವುದಕ್ಕೆ ಸುಮಾರು ಎಂಟು ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತೊಟ್ಟಿ, ಹೂಕುಂಡ, ಹಳೆಯ ಟೈರು, ಎಸೆದ ಎಳನೀರಿನ ಬುರುಡೆಗಳನ್ನು ನೋಡಿದರೆ ಮಾತ್ರ ಪ್ರಯೋಜನ. ವರ್ಷಕ್ಕೊಮ್ಮೆ ಬ್ಯಾನರು ಹಿಡಿದು ಜಾಥಾ ಹೊರಟರೆ ಸೊಳ್ಳೆಗೆ ಯಾವ ತೊಂದರೆಯೂ ಆಗುವುದಿಲ್ಲ. ಹಾವು ಕಡಿತವನ್ನು ೨೦೨೪ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಬ್ಬು, ಭತ್ತಗಳ ನಮ್ಮ ಸೀಮೆಗೆ ಇದು ಬಹು ಮುಖ್ಯವಾದ ಕ್ರಮ. ಆದರೆ ಆಸ್ಪತ್ರೆಗೆ ಬಾರದೆ ಮಂತ್ರವಾದಿಯ ಮನೆಗೆ ಹೋದವನ ವರದಿಯನ್ನು ತರುವವರು ಯಾರು? ಆ ಊರಿನಲ್ಲಿ ಓಡಾಡುವ, ಜನರ ನಂಬಿಕೆಯನ್ನು ಗಳಿಸಿದ ಒಬ್ಬ ಹುಡುಗನೋ ಹುಡುಗಿಯೋ ತರಬೇಕು.

ಈ ಎಲ್ಲ ಭಾರವೂ ಆಶಾ ಕಾರ್ಯಕರ್ತೆಯರ ಮತ್ತು ಬೆರಳೆಣಿಕೆಯಷ್ಟು ಆರೋಗ್ಯ ಸಿಬ್ಬಂದಿಯ ಹೆಗಲ ಮೇಲಿದೆ. ಆ ಭಾರ ಎಷ್ಟರದೆಂಬುದನ್ನು ನಂಜನಗೂಡು ೨೦೨೦ರಲ್ಲಿ ಕಂಡಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಅಲ್ಲಿಯ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು, ಆ ಒಂದೇ ಸರಪಳಿಗೆ ಸೇರಿದ ಪ್ರಕರಣಗಳು ಎಪ್ಪತ್ತನ್ನು ಮೀರಿದವು. ನೌಕರರನ್ನೂ ಅವರ ಸಂಪರ್ಕಕ್ಕೆ ಬಂದವರನ್ನೂ ಹುಡುಕಿ, ಪ್ರತ್ಯೇಕವಾಗಿರಿಸಿ, ಪ್ರತಿದಿನವೂ ವಿಚಾರಿಸಬೇಕಾಗಿತ್ತು. ಮೇ ತಿಂಗಳ ಮಧ್ಯದ ವೇಳೆಗೆ ಆ ಸರಪಳಿ ಕಡಿಯಿತು. ಅದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅದೇ ಆಗಸ್ಟಿನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಅಕಾಲ ಮರಣಕ್ಕೀಡಾದರು. ಸಹಿಸಲಾಗದ ಕೆಲಸದ ಒತ್ತಡವೇ ಇದಕ್ಕೆ ಕಾರಣವೆಂದು ಜಿಲ್ಲೆಯ ವೈದ್ಯರು ಪ್ರತಿಭಟನೆಗೆ ಇಳಿದರು. ಆ ಸಾವಿನ ಕುರಿತು ಇಲ್ಲಿ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಎಣಿಸುವ, ಬರೆಯುವ, ಹುಡುಕುವ, ವಿಚಾರಿಸುವ ನೂರು ಕೆಲಸಗಳು ಕೆಲವೇ ಜನರ ಮೇಲೆ ಬಿದ್ದಾಗ ಏನಾಗಬಹುದೆಂಬುದನ್ನು ನಾವು ನಮ್ಮ ತಾಲ್ಲೂಕಿನಲ್ಲೇ ನೋಡಿದ್ದೇವೆ ಎಂದಷ್ಟೇ ಹೇಳುತ್ತೇನೆ. ವಿಪತ್ತು ಬಂದ ಮೇಲೆ ತರಬೇತಿಯಿಲ್ಲದ ನೂರು ಜನರನ್ನು ಕರೆತಂದರೆ, ಅವರಿಗೆ ಕೆಲಸ ಹೇಳಿಕೊಡುವುದೇ ಅಧಿಕಾರಿಗೆ ನೂರೊಂದನೆಯ ಹೊರೆಯಾಗುತ್ತದೆ.

ಹಾಗಾದರೆ ರಾಷ್ಟ್ರೀಯ ಸೇವಾ ಯೋಜನೆ ಇಲ್ಲವೆ ಎಂಬ ಪ್ರಶ್ನೆ ಸಹಜವಾದುದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ಆರಂಭವಾದ ಆ ಯೋಜನೆಯು ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆಯನ್ನು ವಿದ್ಯಾರ್ಥಿಯಿಂದ ನಿರೀಕ್ಷಿಸುತ್ತದೆ. ಹಳ್ಳಿಯನ್ನು ಪಟ್ಟಣದ ಹುಡುಗರಿಗೆ ತೋರಿಸಿಕೊಟ್ಟ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ಅದರ ಉದ್ದೇಶ ವ್ಯಕ್ತಿತ್ವ ವಿಕಸನ. ನಾನು ಹೇಳುತ್ತಿರುವುದು ಹೊಣೆಯ ಮಾತು. ಸ್ವಯಂಸೇವಕ ಒಂದು ವಾರ ಬಾರದಿದ್ದರೆ ಕೇಳುವ ಅಧಿಕಾರ ಯಾರಿಗೂ ಇಲ್ಲ, ಇರಲೂ ಕೂಡದು. ವೇತನ ಪಡೆಯುವವನ ಹಾಜರಿಯನ್ನು ಕೇಳಬಹುದು, ಅವನು ಬರೆದ ಲೆಕ್ಕವನ್ನು ತಿದ್ದಬಹುದು. ಅವನು ಕೂಡ ತನ್ನ ಹಕ್ಕನ್ನು ಕೇಳಬಹುದು.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಹಳೆಯ ಕಚೇರಿಗಳಲ್ಲಿ ಉಮೇದುವಾರರೆಂಬವರಿದ್ದರು. ಮುಂದೆಂದೋ ಕೆಲಸ ಸಿಕ್ಕೀತೆಂಬ ಆಸೆಯಿಂದ ಸಂಬಳವಿಲ್ಲದೆ ವರ್ಷಗಟ್ಟಲೆ ಕಡತಗಳನ್ನು ಹೊರುತ್ತಿದ್ದ ಅವರು ಎಂತಹ ಮನೆಗಳಿಂದ ಬಂದವರೆಂದು ಯೋಚಿಸಿ ನೋಡಬೇಕು. ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದವನು ಮಾತ್ರ ಉಮೇದುವಾರನಾಗಬಲ್ಲವನಾಗಿದ್ದನು. ಇಂದಿನ ವೇತನರಹಿತ ತರಬೇತಿಯೂ ಹೊಸ ಹೆಸರಿನ ಅದೇ ಉಮೇದುವಾರಿಕೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಬೇಸಗೆಯ ರಜೆಯಲ್ಲಿ ಕಬ್ಬು ಕಡಿಯಲು, ಗಾರೆ ಕೆಲಸಕ್ಕೆ, ಮೈಸೂರಿನ ಹೋಟೆಲುಗಳಿಗೆ ಹೋಗುವವರು. ಮುಂದಿನ ವರ್ಷದ ಶುಲ್ಕ, ತಂಗಿಯ ಪುಸ್ತಕ ಆ ದುಡಿಮೆಯಿಂದಲೇ ಬರಬೇಕು. ಅಂತಹವನ ಮುಂದೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರವನ್ನು ಹಿಡಿದು ಬಿಟ್ಟಿಯಾಗಿ ಬಾ ಎಂದರೆ ಅವನು ಬರಲಾರನು. ಬರತಕ್ಕವನು ಅನುಕೂಲಸ್ಥರ ಮಗ. ಕೇರಿಯ ನೀರಿನ ಕಷ್ಟವನ್ನು ಬಲ್ಲವನು ಹೊರಗುಳಿದು, ಅದನ್ನು ಕಂಡರಿಯದವನು ಅದರ ಲೆಕ್ಕ ಬರೆಯುವಂತಾಗುತ್ತದೆ.

ಸೇವೆಗೆ ಬೆಲೆ ಕಟ್ಟಿದರೆ ಅದರ ಪಾವಿತ್ರ್ಯ ಕೆಡುತ್ತದೆ ಎಂಬ ಆಕ್ಷೇಪ ನಮ್ಮಂತಹ ವಿದ್ಯಾಸಂಸ್ಥೆಗಳಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ. ಆದರೆ ಕಾಯಕವೆಂಬ ಮಾತನ್ನು ನಾಡಿಗೆ ಕೊಟ್ಟ ಶರಣರು ಬಿಟ್ಟಿ ದುಡಿಮೆಯನ್ನು ಕಾಯಕವೆನ್ನಲಿಲ್ಲ. ದುಡಿದು, ಅದಕ್ಕೆ ತಕ್ಕ ಪ್ರತಿಫಲವನ್ನು ಪಡೆದು, ಅದರಿಂದ ದಾಸೋಹ ನಡೆಸಿದರು. ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಲು ಹೋದಾಗ ನನಗೆ ಇದೇ ವಿಚಾರ ತಲೆದೋರುವುದುಂಟು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಆ ಗುಡಿಯ ಶಿಲ್ಪಗಳ ಕೆಳಗೆ ಮಲ್ಲಿತಮ್ಮನೇ ಮೊದಲಾದ ಕುಶಲಕರ್ಮಿಗಳು ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಆ ಕಾಲದ ದಾನಶಾಸನಗಳಲ್ಲಿ ದೇವರ ನೈವೇದ್ಯಕ್ಕೆ ಗದ್ದೆ ಬಿಟ್ಟಂತೆಯೇ ಗುಡಿಯ ಕೆಲಸದವರ ಜೀವಿತಕ್ಕೂ ಗದ್ದೆ ಬಿಟ್ಟಿರುವುದನ್ನು ಕಾಣುತ್ತೇವೆ. ದೇವರ ಸೇವೆಗೆ ಸಲ್ಲದ ಮಡಿವಂತಿಕೆ ಸೊಳ್ಳೆಯ ಮರಿಗಳನ್ನು ಎಣಿಸುವ ಸೇವೆಗೆ ಏಕೆ ಬೇಕು?

ಹಣ ಎಲ್ಲಿಂದ ಬರಬೇಕೆಂಬುದು ಕೊನೆಯ ಆಕ್ಷೇಪ. ನನಗೆ ತೋರುವಂತೆ ಇದೇ ಅತ್ಯಂತ ದುರ್ಬಲವಾದುದು. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಕೆಲಸ ಕಲಿಯುವವನಿಗೆ ಶಿಷ್ಯವೇತನ ಕೊಡಲೇಬೇಕು. ೨೦೧೯ರ ನಿಯಮಗಳು ಪದವೀಧರನಿಗೆ ತಿಂಗಳಿಗೆ ೯,೦೦೦ ರೂಪಾಯಿಗಳ ಕನಿಷ್ಠ ಮೊತ್ತವನ್ನು ಗೊತ್ತುಪಡಿಸಿದವು. ಕೇಂದ್ರ ಸರ್ಕಾರ ೨೦೨೪ರಲ್ಲಿ ಇಂಟರ್ನ್‌ಶಿಪ್ ಯೋಜನೆಯೊಂದನ್ನು ಆರಂಭಿಸಿದಾಗ ತಿಂಗಳಿಗೆ ೫,೦೦೦ ರೂಪಾಯಿಗಳನ್ನು ನಿಗದಿಮಾಡಿ, ಅದರಲ್ಲಿ ೪,೫೦೦ನ್ನು ಬೊಕ್ಕಸದಿಂದಲೇ ಕೊಡುವುದಾಗಿ ಹೇಳಿತು. ಆದರೆ ತರುಣರನ್ನು ಕಳುಹಿಸಿದುದು ದೇಶದ ಅತಿ ದೊಡ್ಡ ಕಂಪನಿಗಳಿಗೆ. ನಮ್ಮ ರಾಜ್ಯ ೨೦೨೪ರ ಜನವರಿಯಲ್ಲಿ ಚಾಲನೆ ಕೊಟ್ಟ ಯುವನಿಧಿಯು ಕೆಲಸ ಸಿಗದ ಪದವೀಧರರಿಗೆ ೩,೦೦೦, ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಗಳ ಭತ್ಯೆಯನ್ನು ಗೊತ್ತುಮಾಡಿತು. ಇದನ್ನು ನಾನು ಹೀಗಳೆಯುವುದಿಲ್ಲ. ಆದರೂ ಕೆಲಸವಿಲ್ಲದಿರುವುದಕ್ಕೆ ಹಣವಿದ್ದು, ಶ್ರೀಮಂತ ಕಂಪನಿಯಲ್ಲಿ ಕಲಿಯುವುದಕ್ಕೂ ಹಣವಿದ್ದು, ತನ್ನದೇ ಆಸ್ಪತ್ರೆಯಲ್ಲಿ ಕಲಿಯುವವನಿಗೆ ಮಾತ್ರ ಇಲ್ಲವೆಂದು ಸರ್ಕಾರ ಹೇಳುವುದು ನ್ಯಾಯವೆನಿಸದು. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಅವಧಿಗೆ, ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ ಹತ್ತು ಭಾಗವನ್ನು ಪೂರ್ವಸಿದ್ಧತೆಗೂ ಸಾಮರ್ಥ್ಯವರ್ಧನೆಗೂ ಮೀಸಲಿರಿಸಬೇಕೆಂದು ಶಿಫಾರಸು ಮಾಡಿತ್ತು. ಪೂರ್ವಸಿದ್ಧತೆಯೆಂದರೆ ದೋಣಿ, ಹಗ್ಗ, ದೀಪಗಳನ್ನು ಕೊಳ್ಳುವುದಷ್ಟೇ ಎಂದು ಯಾರೂ ಬರೆದಿಟ್ಟಿಲ್ಲ.

ಅಮೆರಿಕದಲ್ಲಿ ೧೯೫೧ರಿಂದಲೂ, ನಮ್ಮ ದೇಶದಲ್ಲಿ ೨೦೧೨ರಿಂದಲೂ, ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯುವ ವಿದ್ಯೆಯನ್ನು ಕೆಲಸ ಮಾಡುತ್ತಲೇ ಕಲಿಸುವ ಎರಡು ವರ್ಷಗಳ ತರಬೇತಿ ನಡೆದು ಬಂದಿದೆ. ಅದು ಹೆಚ್ಚಾಗಿ ವೈದ್ಯರಿಗೆ ಮೀಸಲಾದುದು. ಕೆಲಸದ ಮೂಲಕವೇ ಕಲಿಸುವ ಆ ಕ್ರಮವನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸುವುದು ಅಸಾಧ್ಯವೇನೂ ಅಲ್ಲ.

ಎಚ್ಚರಿಕೆಯೂ ಬೇಕು. ಈ ವಿದ್ಯಾರ್ಥಿಗಳನ್ನು ಖಾಲಿ ಹುದ್ದೆಗಳನ್ನು ಮುಚ್ಚುವ ಅಗ್ಗದ ಆಳುಗಳನ್ನಾಗಿ ಮಾಡಿಕೊಳ್ಳಬಾರದು. ೨೦೨೫ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಚಳಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ಕುಳಿತುದನ್ನು ಕಂಡವರು ಆ ತಾಯಂದಿರ ಅನ್ನಕ್ಕೆ ವಿದ್ಯಾರ್ಥಿಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಲಾರರು. ಕಾಗದದ ಮೇಲಿನ ವೇತನವೂ ವೇತನವಲ್ಲ. ೨೦೨೦ರ ಜುಲೈನಲ್ಲಿ ದಾವಣಗೆರೆಯ ತರುಣ ವೈದ್ಯರು, ಕೋವಿಡಿನ ನಡುವೆಯೇ, ಹದಿನಾರು ತಿಂಗಳ ಬಾಕಿ ಶಿಷ್ಯವೇತನಕ್ಕಾಗಿ ಧರಣಿ ಹೂಡಬೇಕಾಯಿತು. ಹಣ ತಿಂಗಳ ಕೊನೆಗೆ ನೇರವಾಗಿ ಬ್ಯಾಂಕಿನ ಖಾತೆಗೆ ಸೇರಬೇಕು. ಚುಚ್ಚುಮದ್ದು ಹಾಕಿಸದೆ, ವಿಮೆ ಮಾಡಿಸದೆ ಯಾರನ್ನೂ ರೋಗಿಯ ಹತ್ತಿರಕ್ಕೆ ಕಳುಹಿಸಕೂಡದು. ನೆರೆಯ ನೀರಿಗಂತೂ ಇಳಿಸಲೇಕೂಡದು, ಅದು ಅಗ್ನಿಶಾಮಕ ದಳದವರ ಕೆಲಸ. ವರ್ಷವಿಡೀ ಗಣಕಯಂತ್ರದ ಮುಂದೆ ಕೂರಿಸಿ ಅಂಕಿಗಳನ್ನು ತುಂಬಿಸುವುದೂ ತರಬೇತಿಯಲ್ಲ.

ಆರಂಭ ಸಣ್ಣದಾಗಿಯೇ ಇರಲಿ. ವಿಪತ್ತು ನಿರ್ವಹಣಾ ಕಾಯಿದೆ ಬಂದ ೨೦೦೫ರಿಂದಲೂ ಜಿಲ್ಲಾಧಿಕಾರಿಗಳೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಅವರು ಮನಸ್ಸು ಮಾಡಿದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ನದಿಯ ದಡದ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಇಬ್ಬರು ವಿದ್ಯಾರ್ಥಿಗಳನ್ನು, ಅವರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿಯಾಗಿರುವಂತೆ, ಜೂನ್ ತಿಂಗಳಿನಿಂದ ನಾಲ್ಕು ತಿಂಗಳ ಕಾಲ ನೇಮಿಸಬಹುದು. ಕಬಿನಿ ತುಂಬುವುದಕ್ಕೆ ಮುಂಚೆಯೇ ಅವರು ದಡದ ಮನೆಗಳಲ್ಲಿರುವ ಬಸುರಿಯರ, ಹಾಸಿಗೆ ಹಿಡಿದವರ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರೊಡನೆ ಕುಳಿತು ಸಿದ್ಧಪಡಿಸಿರಬೇಕು. ಅವರು ಪಡೆದ ಅನುಭವಕ್ಕೆ ವಿಶ್ವವಿದ್ಯಾನಿಲಯವು ಅಂಕಗಳನ್ನೂ ಕೊಡಲಿ.

ತಿರುಮಕೂಡಲಿನ ಕುಂಭಮೇಳ ೧೯೮೯ರಿಂದ ಮೂರು ವರ್ಷಗಳಿಗೊಮ್ಮೆ ನಡೆಯುವ ಸಂಪ್ರದಾಯವಾಗಿದೆ. ೨೦೨೨ರಲ್ಲಿ ಕೋವಿಡಿನಿಂದ ತಪ್ಪಿ, ೨೦೨೫ರ ಫೆಬ್ರವರಿ ೧೦ರಿಂದ ೧೨ರವರೆಗೆ ಮತ್ತೆ ನಡೆಯಿತು. ಆ ಲೆಕ್ಕದಲ್ಲಿ ಮುಂದಿನದು ೨೦೨೮ಕ್ಕೆ ಬರಬೇಕು. ಲಕ್ಷಾಂತರ ಜನ ಮೂರು ದಿನ ಒಂದೇ ದಡದಲ್ಲಿ ಮಿಂದು, ಉಂಡು, ಮಲಗುವ ಆ ಮೇಳದಲ್ಲಿ ನೀರು, ಶೌಚ, ಜನಸಂದಣಿಗಳ ಮೇಲೆ ಕಣ್ಣಿಡತಕ್ಕವರು ಅಷ್ಟು ಹೊತ್ತಿಗೆ ಒಂದೆರಡು ಮಳೆಗಾಲಗಳ ಕೆಲಸವನ್ನು ಕಲಿತವರಾಗಿರಬೇಕಾದರೆ, ನೇಮಕದ ಆದೇಶ ಬರುವ ಜೂನ್‌ಗೆ ಮೊದಲೇ ಹೊರಡಬೇಕು.